ಪಾಳಿಯ ಆಟ

1999ನೆಯ ಇಸವಿಯಲ್ಲಿ ಅಮೆರಿಕದಲ್ಲಿ ಹೊರಬಂದ ಒಂದು ಗಣಕಯಂತ್ರದ ಆಟ ಎರಡು ವರ್ಷಗಳ ಮೇಲೆ ಕಾಕತಿಯ ಒಂದು ಹೆಂಚಿನ ಮನೆಯ ಅಟ್ಟಕ್ಕೆ ಬಂದು ಸೇರಿತು. ಆ ಅಟ್ಟದ ಕಿಟಕಿಯಿಂದ ಒಂದು ಕಡೆ ಊರ ಗುಡ್ಡವೂ, ಇನ್ನೊಂದು ಕಡೆ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಇರುಳೆಲ್ಲ ಹರಿಯುವ ಲಾರಿಗಳ ದೀಪಗಳೂ ಕಾಣುತ್ತಿದ್ದುವು. ಕೋಣೆಯೊಳಗೆ ಒಂದು ಗಣಕಯಂತ್ರ, ಅದರ ಮುಂದೆ ಒಂದೇ ಕುರ್ಚಿ, ಆ ಕುರ್ಚಿಯ ಸುತ್ತ ನಾವು ನಾಲ್ವರು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾಗಿ, ಗಣಕಯಂತ್ರವೆಂಬುದು ಮಕ್ಕಳ ವಿದ್ಯಾಭ್ಯಾಸದ ಹೆಸರಿನಲ್ಲಿ ಸಾಲಮಾಡಿಯಾದರೂ ಕೊಳ್ಳತಕ್ಕ ವಸ್ತುವೆಂದು ನಮ್ಮ ಸೀಮೆಯ ಮನೆಗಳಲ್ಲಿ ಭಾವನೆ ಬೇರೂರುತ್ತಿದ್ದ ಕಾಲ ಅದು. ನಾಲ್ವರಲ್ಲಿ ಒಬ್ಬನ ಮನೆಮಾತು ಮರಾಠಿ, ಇನ್ನೊಬ್ಬನದು ಉರ್ದು. ಖಾನಾಪುರದ ಅಡವಿಯಂಚಿನ ಹಳ್ಳಿಯಿಂದ ಬಂದು ಸೋದರಮಾವನ ಮನೆಯಲ್ಲಿ ಓದುತ್ತಿದ್ದವನದು ಕೊಂಕಣಿ ಬೆರೆತ ಕನ್ನಡ. ನನ್ನದು ಈ ಊರಿನ ಕನ್ನಡ. ಆಟದ ಭಾಷೆ ಇಂಗ್ಲಿಷ್. ಆದರೆ ಆ ಕೋಣೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕೇಳಿಬಂದ ಶಬ್ದ ಕನ್ನಡಕ್ಕೂ ಮರಾಠಿಗೂ ಸಮಾನವಾದ ‘ಪಾಳಿ’ ಎಂಬುದು. ಕಾಲುವೆಯ ನೀರು ಹೊಲಕ್ಕೆ ಹಾಯುವುದು ಪಾಳಿಯಿಂದ, ಗಿರಣಿಯ ಮುಂದೆ ಜೋಳದ ಚೀಲ ಸರಿಯುವುದು ಪಾಳಿಯಿಂದ, ಕಾರ್ಖಾನೆಗೆ ಹೋಗುವವನು ನಡುರಾತ್ರಿ ಮನೆ ಬಿಡುವುದು ಪಾಳಿಯಿಂದ. ನಮ್ಮ ಆಟವೂ ಪಾಳಿಯದೇ ಆಗಿತ್ತು. ಅದರ ಹಿರಿಮೆಯೆಲ್ಲ ಅಲ್ಲಿಯೇ ಇತ್ತೆಂಬುದು ನನಗೆ ತಿಳಿದುಬಂದದ್ದು ಬಹುಕಾಲದ ಮೇಲೆ.

ಆಟದ ಹೆಸರು ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್’, ಮೂರನೆಯ ಭಾಗ. ಜಾನ್ ವ್ಯಾನ್ ಕ್ಯಾನಗೆಮ್ ಎಂಬಾತ ಕಟ್ಟಿದ ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಸಂಸ್ಥೆ 1990ರಲ್ಲಿ ‘ಕಿಂಗ್ಸ್ ಬೌಂಟಿ’ ಎಂಬ ಚಿಕ್ಕ ಆಟವೊಂದನ್ನು ರಚಿಸಿ, ಆ ಬೀಜದಿಂದಲೇ 1995ರಲ್ಲಿಯೂ 1996ರಲ್ಲಿಯೂ ಈ ಮಾಲೆಯ ಮೊದಲೆರಡನ್ನು ಬೆಳೆಸಿ, ಮೂರನೆಯದರಲ್ಲಿ ಪರಿಪಾಕವನ್ನು ಮುಟ್ಟಿತೆಂಬುದು ಬಲ್ಲವರ ಅಭಿಪ್ರಾಯ, ನನ್ನದೂ ಅದೇ. ಕಂಡರಿಯದವರಿಗಾಗಿ ಇದರ ಸ್ವರೂಪವನ್ನು ಸ್ವಲ್ಪ ಹೇಳಬೇಕು. ಎರಾಥಿಯಾ ಎಂಬ ಕಲ್ಪಿತ ದೇಶದ ನಕ್ಷೆಯೊಂದು ಕತ್ತಲೆಯ ಮುಸುಕು ಹೊದ್ದು ಮಲಗಿರುತ್ತದೆ. ಆಡುವ ಪ್ರತಿಯೊಬ್ಬನಿಗೂ ಒಂದು ಪಟ್ಟಣ, ಕುದುರೆಯೇರಿದ ಒಬ್ಬ ನಾಯಕ, ಆ ನಾಯಕನ ಬೆನ್ನಿಗೆ ಒಂದು ಚಿಕ್ಕ ಸೈನ್ಯ. ಪಟ್ಟಣಗಳಲ್ಲಿ ಎಂಟು ಬಗೆ, ಪ್ರತಿ ಬಗೆಯಲ್ಲಿಯೂ ಏಳು ಶ್ರೇಣಿಯ ಯೋಧರು: ಒಂದರಲ್ಲಿ ಭಲ್ಲೆಯವರಿಂದ ದೇವದೂತರವರೆಗೆ, ಇನ್ನೊಂದರಲ್ಲಿ ಸೆಂಟಾರ್‌ಗಳಿಂದ ಹಸಿರು ಡ್ರ್ಯಾಗನ್ನುಗಳವರೆಗೆ, ನಾವು ‘ಸುಡಗಾಡು’ ಎಂದು ಕರೆಯುತ್ತಿದ್ದ ಮತ್ತೊಂದರಲ್ಲಿ ಅಸ್ಥಿಪಂಜರಗಳಿಂದ ಎಲುಬಿನ ಡ್ರ್ಯಾಗನ್ನುಗಳವರೆಗೆ. ಮರ, ಅದಿರು, ಪಾದರಸ, ಗಂಧಕ, ಸ್ಫಟಿಕ, ರತ್ನ, ಹೊನ್ನು ಎಂಬ ಏಳು ಸಂಪತ್ತುಗಳನ್ನು ಕೂಡಿಸಿ ಪಟ್ಟಣವನ್ನು ಕಟ್ಟುತ್ತ, ಮುಸುಕನ್ನು ಸರಿಸುತ್ತ, ಎದುರಾಳಿಯನ್ನು ಅರಸುತ್ತ ಹೋಗುವುದೇ ಆಟ. ಮುಂಗಾರಿನಲ್ಲಿ ಖಾನಾಪುರದಿಂದ ಕಣಕುಂಬಿಯ ಕಡೆಗೆ ಹೋದವರಿಗೆ ಈ ಮುಸುಕಿನ ಅನುಭವ ಹೊಸತಲ್ಲ: ಮಂಜಿನಲ್ಲಿ ಹತ್ತು ಮಾರು ಹಾದಿ ಮಾತ್ರ ಕಾಣಿಸಿ, ಮುಂದೆ ಹೋದಷ್ಟೂ ಒಂದೊಂದು ಮರ, ಒಂದೊಂದು ಗುಡಿ, ಒಂದೊಂದು ತಿರುವು ತಾನಾಗಿ ಮೈದೋರುವುದು.

ಕಳೆದುಹೋದ ಹರೆಯದ ಸಂಗಡ ಬೆರೆತ ಯಾವ ವಸ್ತುವೂ ನೆನಪಿನಲ್ಲಿ ಸವಿಯಾಗುವುದು ಸಹಜ. ಆಗ ತಿಂದ ಬೆಳಗಾವಿಯ ಕುಂದಾ ಈಗಿನದಕ್ಕಿಂತ ರುಚಿಯಾಗಿತ್ತೆಂದು ಹೇಳುವವನ ಮಾತನ್ನು ಯಾರೂ ಪ್ರಮಾಣವೆಂದು ಹಿಡಿಯಲಾರರು. ಆದುದರಿಂದ ಈ ಆಟದ ಮೇಲೆ ನನಗಿರುವ ಪ್ರೀತಿ ಕೇವಲ ಸ್ಮೃತಿಮೋಹವೊ, ಅಥವಾ ಆ ಪ್ರೀತಿಯ ಬುಡದಲ್ಲಿ ವಿವೇಕ ಒಪ್ಪತಕ್ಕ ಕಾರಣವುಂಟೊ ಎಂಬುದನ್ನು ವಿಚಾರಿಸುವುದು ನನಗೆ ಕರ್ತವ್ಯವಾಗಿ ತೋರಿದೆ. ಕಾರಣವುಂಟೆಂಬುದು ನನ್ನ ನಂಬುಗೆ. ಕಾಲವನ್ನು ಎಲ್ಲರಿಗೂ ಅಳೆದು ಹಂಚಿ, ಒಬ್ಬನು ತನ್ನ ಪಾಲನ್ನು ಅನುಭವಿಸುತ್ತಿರುವಾಗ ಉಳಿದವರನ್ನು ಕಾಯುವವರನ್ನಾಗಿಯೂ ಆ ಕಾಯುವಿಕೆಯಲ್ಲಿಯೇ ಒಡನಾಡಿಗಳನ್ನಾಗಿಯೂ ಮಾಡಿದುದು ಈ ಆಟದ ನಿಜವಾದ ಸಿದ್ಧಿ. ಅದರ ಡ್ರ್ಯಾಗನ್ನುಗಳೂ ಮಾಯಾವಿದ್ಯೆಯೂ ಬಳಿಕದ ಮಾತು.

ಹೇಗೆಂದರೆ, ಆಟದ ಕಾಲಮಾನ ದಿನಗಳದ್ದು. ಒಂದು ಪಾಳಿಯೆಂದರೆ ಒಂದು ದಿನ. ಏಳು ದಿನಕ್ಕೆ ವಾರ, ನಾಲ್ಕು ವಾರಕ್ಕೆ ತಿಂಗಳು. ಒಂದು ದಿನದಲ್ಲಿ ಒಂದು ಪಟ್ಟಣದಲ್ಲಿ ಒಂದೇ ಕಟ್ಟಡವನ್ನು ಕಟ್ಟಬಹುದು, ಭಂಡಾರದಲ್ಲಿ ಎಷ್ಟು ಹೊನ್ನಿದ್ದರೂ ಎರಡನೆಯದಕ್ಕೆ ನಾಳೆಯ ತನಕ ಕಾಯಬೇಕು. ಯೋಧರ ಹೊಸ ಪಡೆ ನೆರೆಯುವುದು ವಾರದ ಮೊದಲ ದಿನ ಮಾತ್ರ. ಆ ದಿನ ಆಟದೊಳಗಿನ ಜೋಯಿಸರು ಇದು ಇಂಥ ಪ್ರಾಣಿಯ ವಾರವೆಂದು ಸಾರುತ್ತಾರೆ. ತಿಂಗಳ ಮೊದಲಿಗೆ ಒಮ್ಮೊಮ್ಮೆ ಮಾರಿಬೇನೆಯ ತಿಂಗಳೆಂದು ಸಾರಿ ಎಲ್ಲರ ಪಟ್ಟಣಗಳಲ್ಲಿ ದೊರೆಯುವ ಯೋಧರನ್ನೂ ಅರ್ಧಕ್ಕಿಳಿಸುವುದುಂಟು. ಯುಗಾದಿಯ ದಿನ ಗುಡಿಯ ಕಟ್ಟೆಯಲ್ಲಿ ಪಂಚಾಂಗಶ್ರವಣ ಕೇಳಿ, ಮಳೆ ಎಷ್ಟು, ಬೆಳೆ ಎಷ್ಟು ಎಂದು ಹಿರಿಯರು ಗುಣಿಸುವುದನ್ನು ಕಂಡಿದ್ದ ನಮಗೆ ಈ ಜೋಯಿಸರು ಅಪರಿಚಿತರೆನಿಸಲಿಲ್ಲ. ನಾಯಕನೂ ದಿನಕ್ಕಿಷ್ಟೇ ದೂರ ಸಾಗಬಲ್ಲನು. ಹಾದಿಯಿದ್ದರೆ ಹೆಚ್ಚು, ಜೌಗಿದ್ದರೆ ಕಡಿಮೆ. ಇದರೊಳಗೆ ಅಡಗಿದ ಒಂದು ನಿಯಮವನ್ನು ನಾವು ತಿಂಗಳುಗಟ್ಟಲೆ ಆಡಿದ ಮೇಲೆ ಕಂಡುಕೊಂಡೆವು. ನಾಯಕನ ದಿನದ ನಡಿಗೆ ನಿಶ್ಚಯವಾಗುವುದು ಅವನ ಸೈನ್ಯದಲ್ಲಿರುವ ಅತ್ಯಂತ ನಿಧಾನಗಾಮಿಯಾದ ಪ್ರಾಣಿಯ ವೇಗದಿಂದ: ಹಾರುವ ಡ್ರ್ಯಾಗನ್ನುಗಳು ಹತ್ತಿದ್ದರೂ, ಕಾಲೆಳೆಯುವ ಕುಬ್ಜನೊಬ್ಬನಿದ್ದರೆ ದಂಡೆಲ್ಲವೂ ಕುಬ್ಜನ ಹೆಜ್ಜೆಗೆ ಹೆಜ್ಜೆಯಿಡಬೇಕು. ಈ ನಿಯಮವನ್ನು ನಮಗೆ ಹೇಳಿಕೊಟ್ಟವನು ಖಾನಾಪುರದ ಗೆಳೆಯ. ಮಾವನ ಎತ್ತಿನ ಗಾಡಿಗಳ ಸಾಲಿನಲ್ಲಿ ಮುದಿಯೆತ್ತಿನ ಗಾಡಿಯನ್ನು ಯಾವಾಗಲೂ ಮುಂದೆ ಬಿಡುವುದನ್ನು ಕಂಡವನಾದುದರಿಂದ ಅವನಿಗೆ ಅದು ಮೊದಲು ಹೊಳೆದಿರಬೇಕು.

ತನ್ನ ದಿನ ಮುಗಿದವನು ಮರಳಗಡಿಯಾರದ ಚಿತ್ರವನ್ನೊತ್ತಿ ಕುರ್ಚಿಯಿಂದೇಳಬೇಕು; ಮುಂದಿನವನು ಕುಳಿತುಕೊಳ್ಳಬೇಕು; ಅವನ ಗುಟ್ಟು ಕಾಣದಂತೆ ಉಳಿದವರು ಮುಖ ತಿರುಗಿಸಬೇಕು. ಒಂದೇ ಯಂತ್ರದಲ್ಲಿ ಹಲವರು ಹೀಗೆ ಆಡುವ ಪದ್ಧತಿಗೆ ‘ಹಾಟ್ ಸೀಟ್’ ಎಂದು ಹೆಸರು. ಬಡತನದಿಂದ ಹುಟ್ಟಿದ ಏರ್ಪಾಡೆಂದು ಇದನ್ನು ಈಗಿನವರು ತಿಳಿಯಬಹುದು. ಮನೆಗೊಂದು ಯಂತ್ರವೂ ಯಂತ್ರಕ್ಕೊಂದು ಅಂತರಜಾಲವೂ ಇದ್ದಿದ್ದರೆ ನಾಲ್ವರೂ ಅವರವರ ಮನೆಯಲ್ಲಿಯೇ ಕುಳಿತು ಆಡಬಹುದಾಗಿತ್ತಲ್ಲವೆ ಎಂದು ಕೇಳಬಹುದು. ಆಡಬಹುದಾಗಿತ್ತು, ಆದರೆ ಆಗ ಕಾಯುವವನು ಒಬ್ಬೊಂಟಿಯಾಗಿ ಕಾಯುತ್ತಿದ್ದನು. ನಮ್ಮ ಅಟ್ಟದಲ್ಲಿ ಕಾಯುವಿಕೆಗೆ ಒಂದು ಬದುಕಿತ್ತು. ಒಬ್ಬನು ಆಡುತ್ತಿರುವಾಗ ಗೋಡೆಗೆ ಮುಖ ಮಾಡಿದ ಮೂವರು ಚುರುಮುರಿಯ ಪೊಟ್ಟಣವನ್ನು ನಡುವೆ ಹರಡಿಕೊಂಡು ಒಳಸಂಧಾನಗಳನ್ನು ನಡೆಸುತ್ತಿದ್ದರು: ಗಂಧಕದ ಗಣಿ ನಿನಗೆ ಬಿಟ್ಟುಕೊಡುವೆ, ಉತ್ತರದ ಸೇತುವೆ ದಾಟಬೇಡ, ಸುಡಗಾಡಿನವನು ಬೆಳೆದರೆ ನಮ್ಮಿಬ್ಬರಿಗೂ ಉಳಿಗಾಲವಿಲ್ಲ, ಈ ವಾರ ಒಟ್ಟಾಗಿ ಹೊಡೆಯೋಣ. ಈ ಮಾತುಗಳು ಯಂತ್ರದ ಯಾವ ನಿಯಮದಲ್ಲಿಯೂ ಇರಲಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಂಡವನಾರು, ಮುರಿದವನಾರು ಎಂಬ ಲೆಕ್ಕವನ್ನು ಯಂತ್ರವು ಇಡುತ್ತಿರಲಿಲ್ಲ. ನಾವು ಇಡುತ್ತಿದ್ದೆವು, ಮತ್ತು ಆ ಲೆಕ್ಕ ಮರುದಿನ ಕಾಲೇಜಿಗೆ ಹೋಗುವ ಬಸ್ಸಿನಲ್ಲಿಯೂ ಮುಂದುವರಿಯುತ್ತಿತ್ತು. ಭಾಷೆಯ ಹೆಸರಿನಲ್ಲಿ ಆಗಾಗ ಕಲ್ಲು ತೂರಾಟ ನಡೆಯುತ್ತಿದ್ದ ನಗರದ ಮಗ್ಗುಲಲ್ಲಿ, ಮೂರು ಮನೆಮಾತಿನ ಹುಡುಗರು ಒಬ್ಬರಿಗೊಬ್ಬರು ಮಾತು ಕೊಟ್ಟು ಮಾತಿಗೆ ಕಟ್ಟುಬೀಳುವುದನ್ನು ಅಭ್ಯಾಸಮಾಡಿದ ಸ್ಥಳ ಅದೆಂದು ನಾನು ಈಗ ನೆನೆಯುತ್ತೇನೆ.

ಆ ಕಾಲದ ಬೆಳಗಾವಿಯ ಸೈಬರ್ ಕೆಫೆಗಳಲ್ಲಿ ನಡೆಯುತ್ತಿದ್ದ ಆಟಗಳು ಬೇರೆ ಬಗೆಯವು. ಕೌಂಟರ್ ಸ್ಟ್ರೈಕಿನಂಥವುಗಳಲ್ಲಿ ಕಣ್ಣು ಮಿಟುಕಿಸುವುದರೊಳಗೆ ಗುಂಡು ಹಾರಿಸಿದವನು ಗೆದ್ದನು. ರಾಜ್ಯ ಕಟ್ಟುವ ಆಟಗಳಲ್ಲಿಯೂ ಏಜ್ ಆಫ್ ಎಂಪೈರ್ಸಿನಂಥವು ಎಲ್ಲರಿಗೂ ಏಕಕಾಲದಲ್ಲಿಯೇ ಓಡುವಂಥವು, ಬೆರಳು ಚುರುಕಾದವನ ಕಡೆಗೆ ಜಯ ಒಲಿಯುವಂಥವು. ಅವುಗಳನ್ನು ನಾನು ಹಳಿಯುತ್ತಿಲ್ಲ. ಕಬಡ್ಡಿಗೂ ಚದುರಂಗಕ್ಕೂ ಒಂದೇ ಅಳತೆಗೋಲು ಸಲ್ಲದು. ನನ್ನ ತಕರಾರು ಇರುವುದು ಬೇರೊಂದರ ಮೇಲೆ. ಈಗ ಎಲ್ಲರ ಅಂಗೈಯಲ್ಲಿರುವ ಮೊಬೈಲಿನ ಎಷ್ಟೋ ಆಟಗಳಲ್ಲಿಯೂ ಕಾಯುವುದು ಉಂಟು: ಕೋಟೆಯ ಗೋಡೆ ಏಳಲು ಎಂಟು ತಾಸು ಬೇಕೆಂದು ಆಟ ಹೇಳುತ್ತದೆ, ಇಷ್ಟು ರೂಪಾಯಿ ಕೊಟ್ಟರೆ ಈಗಲೇ ಎಬ್ಬಿಸುವೆನೆಂದು ಅದರ ಬೆನ್ನಿಗೇ ಹೇಳುತ್ತದೆ. ಅಲ್ಲಿ ಕಾಲವನ್ನು ಅಳೆದಿರುವುದು ಮಾರುವುದಕ್ಕಾಗಿ. ಕಾಯುವಿಕೆಯನ್ನು ಬೇಕೆಂದೇ ಅಸಹ್ಯಗೊಳಿಸಿ, ಆ ಅಸಹ್ಯದಿಂದ ಬಿಡುಗಡೆಯನ್ನು ಸರಕಾಗಿ ಮುಂದಿಡುವ ಈ ವ್ಯಾಪಾರಕ್ಕೂ, ಹೊನ್ನೆಷ್ಟಿದ್ದರೂ ನಾಳೆಯ ಕಟ್ಟಡ ನಾಳೆಗೇ ಎಂದು ಸಿರಿವಂತನಿಗೂ ಬಡವನಿಗೂ ಸಮನಾಗಿ ಹೇಳಿದ ಆ ಹಳೆಯ ನಿಯಮಕ್ಕೂ ನಡುವೆ ಇರುವ ಅಂತರವನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಒಂದರಲ್ಲಿ ಕಾಯುವವನು ಕಾಯುತ್ತಿರುವುದು ಜೊತೆಯಾಟಗಾರನಿಗಾಗಿ. ಮತ್ತೊಂದರಲ್ಲಿ ಅವನು ಕಾಯುತ್ತಿರುವುದು ತಾನು ಕಾಯಲಾರದೆ ಹೋಗುವ ಗಳಿಗೆಗಾಗಿ.

ಪಾಳಿಯಿಂದ ಆಡುವ ಯುದ್ಧ ನಮ್ಮ ನಾಡಿಗೆ ಪರದೇಶದಿಂದ ಬರಬೇಕಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವು ರಾಜನ ವಿನೋದಗಳ ಸಾಲಿನಲ್ಲಿ ಚದುರಂಗಕ್ಕೂ ಪಗಡೆಗೂ ಸ್ಥಾನ ಕೊಟ್ಟಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹಾಸಿನ ಆಟಗಳ ರಚನೆಯಲ್ಲಿಯೂ, ಕುದುರೆಯೊಂದನ್ನು ಚದುರಂಗದ ಎಲ್ಲ ಮನೆಗಳಲ್ಲಿ ಒಮ್ಮೊಮ್ಮೆ ಮಾತ್ರ ಇಳಿಯುವಂತೆ ನಡೆಯಿಸುವ ಬಂಧದಲ್ಲಿಯೂ ಆಸಕ್ತರಾಗಿದ್ದುದು ಪ್ರಸಿದ್ಧ. ಆದರೆ ನನ್ನ ಮನಸ್ಸಿಗೆ ಈ ಆಟದ ಹತ್ತಿರದ ಬಂಧುವೆಂದು ತೋರುವುದು ಅರಮನೆಯ ಚದುರಂಗವಲ್ಲ, ಗುಡಿಯ ಕಟ್ಟೆಯ ಕಲ್ಲಿನಲ್ಲಿ ಕೆತ್ತಿದ ಗೆರೆಗಳ ಮೇಲೆ ಹರಳುಗಳಿಂದ ಆಡುವ ಹುಲಿ-ಕುರಿಯಾಟ. ಚದುರಂಗದಲ್ಲಿ ಇಬ್ಬರಿಗೂ ಸಮಬಲ. ಹುಲಿ-ಕುರಿಯಲ್ಲಿ ಒಬ್ಬನ ಕೈಯಲ್ಲಿ ಕೊಲ್ಲಬಲ್ಲ ಕೆಲವರು, ಇನ್ನೊಬ್ಬನ ಕೈಯಲ್ಲಿ ಕಟ್ಟಿಹಾಕಬಲ್ಲ ಹಲವರು. ವಿಷಮವಾದ ಎರಡು ಬಲಗಳನ್ನು ತಕ್ಕಡಿಯಲ್ಲಿಟ್ಟು ಮುಳ್ಳು ನಡುವೆ ನಿಲ್ಲುವಂತೆ ಮಾಡುವುದು ಸಮಬಲದ ಆಟವನ್ನು ಕಟ್ಟುವುದಕ್ಕಿಂತ ಎಷ್ಟೋ ಕಷ್ಟವಾದ ಕಲೆ. ಆ ಕಟ್ಟೆಯ ಕಲ್ಲನ್ನು ಕೆತ್ತಿದ ಅನಾಮಿಕನಿಗೆ ಅದು ಸಾಧಿಸಿತ್ತು, ಎಂಟು ವಿಷಮ ಪಟ್ಟಣಗಳನ್ನು ಒಂದೇ ನಕ್ಷೆಯಲ್ಲಿಟ್ಟ ಈ ಆಟದವರಿಗೂ ಬಹುಮಟ್ಟಿಗೆ ಸಾಧಿಸಿತು.

ಇನ್ನೊಂದು ಸಾಮ್ಯ ನನ್ನನ್ನು ಬಹಳ ದಿನ ಬೆರಗುಗೊಳಿಸಿತ್ತು. ನಕ್ಷೆಯ ಮೇಲೆ ಎದುರಾಗುವ ಶತ್ರುಪಡೆಯ ನಿಖರವಾದ ಸಂಖ್ಯೆಯನ್ನು ಆಟ ಹೇಳುವುದಿಲ್ಲ. ಪ್ರಮಾಣಕ್ಕೆ ತಕ್ಕ ಒಂದು ಶಬ್ದವನ್ನು ಮಾತ್ರ ಹೇಳುತ್ತದೆ. ನಾಲ್ಕರ ತನಕ ‘ಫ್ಯೂ’, ಒಂಬತ್ತರ ತನಕ ‘ಸೆವೆರಲ್’, ಹತ್ತೊಂಬತ್ತರ ತನಕ ‘ಪ್ಯಾಕ್’, ಹೀಗೆಯೇ ಏರುತ್ತ ಸಾವಿರವನ್ನು ಮುಟ್ಟಿದರೆ ‘ಲೀಜನ್’; ಒಟ್ಟು ಒಂಬತ್ತು ಹೆಸರು. ನಮ್ಮ ಪೂರ್ವಿಕರು ಸೇನೆಯ ಪ್ರಮಾಣಕ್ಕೆ ಇಟ್ಟ ಹೆಸರುಗಳನ್ನು ಎಣಿಸಿ ನೋಡಿದರೆ ಪತ್ತಿ, ಸೇನಾಮುಖ, ಗುಲ್ಮ, ಗಣ, ವಾಹಿನಿ, ಪೃತನಾ, ಚಮೂ, ಅನೀಕಿನಿ, ಅಕ್ಷೌಹಿಣಿ ಎಂದು ಅವೂ ಒಂಬತ್ತೇ. ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳುಗಳ ಪತ್ತಿಯಿಂದ ಹೊರಟು ಮುಮ್ಮಡಿ ಮುಮ್ಮಡಿಯಾಗಿ ಬೆಳೆದು, ಕಡೆಯ ಮೆಟ್ಟಿಲಲ್ಲಿ ಹತ್ತು ಮಡಿಯಾಗಿ, 21,870 ರಥಗಳ ಅಕ್ಷೌಹಿಣಿಯಲ್ಲಿ ಅದು ನಿಲ್ಲುತ್ತದೆ. ಇದು ಆಕಸ್ಮಿಕವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೂ, ಸಂಖ್ಯೆ ಒಂದು ಮಟ್ಟವನ್ನು ದಾಟಿದಮೇಲೆ ಮನುಷ್ಯನ ಮನಸ್ಸು ಅಂಕಿಯನ್ನು ಬಿಟ್ಟು ಹೆಸರನ್ನು ಹಿಡಿಯುತ್ತದೆ. ಯುದ್ಧಕ್ಕೆ ಹೊರಟವನು ತಿಳಿದುಕೊಂಡು ಹೊರಡುವುದಿಲ್ಲ, ಅಂದಾಜಿನಿಂದ ಹೊರಡುತ್ತಾನೆ. ಇವೆರಡನ್ನೂ ನಮ್ಮ ಪೂರ್ವಿಕರೂ ಈ ಆಟದವರೂ ಅರಿತಿದ್ದರು. ಗುಡ್ಡದಾಚೆ ಏಳುವ ಧೂಳನ್ನು ನೋಡಿ ದಂಡಿನ ಬಲವನ್ನೂಹಿಸಿದ ಕಾವಲುಗಾರನ ಸ್ಥಿತಿಯಲ್ಲಿ ಆಟಗಾರನನ್ನು ನಿಲ್ಲಿಸುವ ಈ ಚಿಕ್ಕ ಉಪಾಯವನ್ನು ನಾನು ಉನ್ನತವಾದ ಕಲೆಗಾರಿಕೆಯೆಂದೇ ಎಣಿಸುತ್ತೇನೆ.

ಪರಕೀಯ ಪುರಾಣದ ಪ್ರಾಣಿಗಳನ್ನು ನಮ್ಮ ಮಕ್ಕಳ ತಲೆಯಲ್ಲಿ ತುಂಬಿತೆಂಬ ಆಕ್ಷೇಪಕ್ಕೆ ಬಹಳ ಹೊತ್ತು ನಿಲ್ಲಬೇಕಾಗಿಲ್ಲ. ಆ ಪಟ್ಟಣಗಳೊಂದರಲ್ಲಿ ಹಲವು ತೋಳುಗಳಲ್ಲಿ ಕತ್ತಿ ಹಿಡಿದ ನಾಗಿಣಿಯರಿದ್ದರು, ಇನ್ನೊಂದರಲ್ಲಿ ಅರಬ್ಬೀ ಕಥೆಗಳ ರುಖ್ ಪಕ್ಷಿಯಿತ್ತು, ಮತ್ತೊಂದರಲ್ಲಿ ಗ್ರೀಕರ ಹಲವು ಹೆಡೆಯ ಹೈಡ್ರಾ ಇತ್ತು; ಸಿಂಹದ ಮೈಗೆ ಹದ್ದಿನ ತಲೆಯಿಟ್ಟ ಗ್ರಿಫನ್ನನ್ನು ಕಂಡಾಗ ನಮಗೆ ಗಂಡಭೇರುಂಡವೂ ಶರಭವೂ ನೆನಪಾದುವೇ ಹೊರತು ಮರೆತುಹೋಗಲಿಲ್ಲ. ಹಲಸಿಯ ಭೂವರಾಹ ನರಸಿಂಹ ದೇವಾಲಯದಲ್ಲಿ ಹಂದಿಯ ಮೊಗದ ದೇವರನ್ನೂ ಸಿಂಹಮುಖದ ದೇವರನ್ನೂ ಒಂದೇ ಸೂರಿನಡಿಯಲ್ಲಿ ಕಂಡು ಬೆಳೆದ ಹುಡುಗನಿಗೆ ಗ್ರಿಫನ್ ಯಾವ ಕೇಡನ್ನು ತಾನೆ ಮಾಡೀತು?

ಆದರೆ ಯುದ್ಧವನ್ನು ಆಟಮಾಡಿತೆಂಬ ಆಕ್ಷೇಪ ಅಷ್ಟು ಹಗುರವಾದುದಲ್ಲ. ಕಾಕತಿಯವನಿಗಂತೂ ಅದು ಮೈಮೇಲೆ ಬರುವ ಪ್ರಶ್ನೆ. ಈ ಊರು ಕಿತ್ತೂರ ರಾಣಿ ಚೆನ್ನಮ್ಮನ ತವರು. 1778ರಲ್ಲಿ ಇಲ್ಲಿಯ ದೇಸಾಯರ ಮನೆಯಲ್ಲಿ ಹುಟ್ಟಿ, ಮಲ್ಲಸರ್ಜನ ಕೈಹಿಡಿದು ಕಿತ್ತೂರಿಗೆ ಹೋಗಿ, ದತ್ತಕದ ಹಕ್ಕನ್ನು ಕಂಪನಿ ಸರಕಾರ ನಿರಾಕರಿಸಿದಾಗ ಕೋಟೆಯ ಬಾಗಿಲು ಹಾಕಿ ನಿಂತವಳು ಆಕೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ಕೋಟೆಯ ಮುಂದೆ ಬಿದ್ದನು. ಎಲಿಯಟ್, ಸ್ಟೀವನ್‌ಸನ್ ಎಂಬಿಬ್ಬರು ಅಧಿಕಾರಿಗಳು ಸೆರೆಯಾದರು. ಡಿಸೆಂಬರ್ ತಿಂಗಳ ಮೊದಲ ವಾರದೊಳಗೆ ಅನೇಕ ಪಾಲು ದೊಡ್ಡದಾದ ದಂಡು ಬಂದು ಕೋಟೆ ಬಿದ್ದಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು; ಆಕೆಯ ಬಂಟನಾದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು. ಕಾಕತಿಗೂ ನಂದಗಡಕ್ಕೂ ನಡುವಣ ದಾರಿಯಲ್ಲಿ ಬಾಲ್ಯವನ್ನು ಕಳೆದವನು ಒಂದು ಗುಂಡಿ ಒತ್ತಿ ಸಾವಿರ ಸೈನಿಕರನ್ನು ಸಾವಿಗೆ ಕಳಿಸಿ, ಸೋತರೆ ಉಳಿಸಿಟ್ಟ ಆಟವನ್ನು ಮತ್ತೆ ತೆರೆದು ಆಡುವುದು ಸರಿಯೆ?

ಈ ಪ್ರಶ್ನೆಯ ಅರ್ಧವನ್ನು ನಾನು ಒಪ್ಪಿಕೊಳ್ಳುತ್ತೇನೆ. ಆಟದಲ್ಲಿ ಗಣಿಯೊಂದರ ಮೇಲೆ ನಾಯಕನು ಕುದುರೆ ಹಾಯಿಸಿದರೆ ಸಾಕು, ಬಾವುಟದ ಬಣ್ಣ ಬದಲಾಗಿ ಮರುದಿನದಿಂದ ಅದಿರು ಹೊಸ ಒಡೆಯನ ಭಂಡಾರಕ್ಕೆ ಹೋಗುತ್ತದೆ. ಆ ಗಣಿಯೊಳಗೆ ಅದೇ ಸುತ್ತಿಗೆ ಹಿಡಿದಿರುವವರ ಮುಖವನ್ನು ಆಟಗಾರ ಒಮ್ಮೆಯೂ ಕಾಣುವುದಿಲ್ಲ. ಎಲ್ಲವನ್ನೂ ಸಿಂಹಾಸನದ ಎತ್ತರದಿಂದಲೇ ನೋಡಿಸುವುದು ಈ ಆಟದ, ಮತ್ತು ಈ ಜಾತಿಯ ಎಲ್ಲ ಆಟಗಳ, ಕುರುಡು. ಸುಡಗಾಡಿನ ನಾಯಕನು ಕೊಂದ ವೈರಿಗಳ ಎಲುಬಿನಿಂದಲೇ ತನ್ನ ದಂಡನ್ನು ಬೆಳೆಸುವ ವಿದ್ಯೆಯನ್ನು ನಾವು ಹರ್ಷದಿಂದಲೇ ಬಳಸುತ್ತಿದ್ದೆವೆಂಬುದನ್ನೂ ಮರೆಮಾಚಲಾರೆ. ಉಳಿದರ್ಧವನ್ನು ಮಾತ್ರ ಒಪ್ಪಲಾರೆ. ಯುದ್ಧವನ್ನು ಸುಲಭವೆಂದು ತೋರಿಸುವ ಆಟ ಯುದ್ಧಕ್ಕೆ ಅಪಚಾರ ಮಾಡುತ್ತದೆ. ಈ ಆಟ ಹಾಗೆ ತೋರಿಸಲಿಲ್ಲ. ಮೊದಲ ಕಾಳಗವನ್ನು ಭರ್ಜರಿಯಾಗಿ ಗೆದ್ದು, ಆ ಗೆಲವಿನಲ್ಲಿಯೇ ಪಡೆಯೆಲ್ಲವನ್ನೂ ಸವೆಸಿಕೊಂಡವನು ಮುಂದಿನ ವಾರ ಬರುವ ತಾಜಾ ದಂಡಿನೆದುರು ನಿಲ್ಲಲಾರನೆಂಬುದನ್ನು ಅದು ನಿಷ್ಠುರವಾಗಿ ಕಲಿಸಿತು. ಆ ಪಾಠವಾದ ಮೇಲೆ, ಶಾಲೆಯ ಪುಸ್ತಕದಲ್ಲಿ ಜಯವೆಂದು ಓದಿದ್ದ ಅಕ್ಟೋಬರ್ 23ಕ್ಕೂ ಡಿಸೆಂಬರಿಗೂ ನಡುವಣ ಆರು ವಾರಗಳು ನನಗೆ ಮೊದಲ ಬಾರಿಗೆ ಕಣ್ಣಿಗೆ ಕಟ್ಟಿದುವು: ಗೆದ್ದ ಕೋಟೆಯೊಳಗೆ, ಎಷ್ಟು ಜನ ಉಳಿದಿದ್ದಾರೆ, ಇನ್ನೆಷ್ಟು ದಿನವಿದೆ, ಯಾವ ಕಡೆಯಿಂದ ಬರುವರು ಎಂದು ಎಣಿಸುತ್ತ ಕುಳಿತ ಒಬ್ಬ ಹೆಂಗಸಿನ ಆರು ವಾರಗಳು. ಆಕೆಗೆ ಮರಳಿ ತೆರೆಯಬಹುದಾದ ದಿನ ಯಾವುದೂ ಉಳಿದಿರಲಿಲ್ಲ. ಉಳಿಸಿಟ್ಟ ಆಟವನ್ನು ತೆರೆಯುವ ಪ್ರತಿ ಸಲವೂ ಈ ಭೇದ ನನ್ನ ನೆನಪಿಗೆ ಬರುತ್ತಿತ್ತು.

ಆಟದ ಕಥಾಭಾಗದಲ್ಲಿಯೂ ಒಬ್ಬ ರಾಣಿಯಿದ್ದಾಳೆ, ಕ್ಯಾಥರಿನ್ ಎಂದು. ತಂದೆಯ ಮರಣದ ಸುದ್ದಿ ಕೇಳಿ ಕಡಲು ದಾಟಿ ಬಂದು ತವರಿನ ರಾಜ್ಯವನ್ನು ಶತ್ರುಗಳಿಂದ ಬಿಡಿಸುತ್ತ ಹೋಗುವವಳಿಗೆ ಕಡೆಯಲ್ಲಿ ಎದುರಾಗುವುದು ಪ್ರೇತವಿದ್ಯೆಯಿಂದ ಎಬ್ಬಿಸಲ್ಪಟ್ಟ ಆ ತಂದೆಯೇ. ಹೆಣ್ಣು ದಂಡು ನಡೆಸುವುದು ವಿಚಿತ್ರವೆಂದು ಬೇರೆ ಊರಿನ ಹುಡುಗರಿಗೆ ತೋರಿರಬಹುದು, ನಮಗೆ ತೋರಲಿಲ್ಲ.

ದೋಷಗಳನ್ನು ಹೇಳದಿದ್ದರೆ ಹೊಗಳಿಕೆಗೆ ಬೆಲೆಯಿರದು. ಯಂತ್ರವೇ ಎದುರಾಳಿಯಾಗಿ ಆಡುವಾಗ ಅದರ ಬುದ್ಧಿ ಮಂದ. ಮಾಯಾವಿದ್ಯೆಯಲ್ಲಿ ಪರಿಣತನಾದ ನಾಯಕನಿಗೆ ಕ್ಷಣಾರ್ಧದಲ್ಲಿ ತನ್ನ ಯಾವ ಪಟ್ಟಣಕ್ಕಾದರೂ ಹಾರುವ ಮಂತ್ರ ಸಿದ್ಧಿಸಿದರೆ ದೂರವೆಂಬುದಕ್ಕೇ ಅರ್ಥವಿಲ್ಲದೆ ಹೋಗಿ, ಯಾವ ಮಿತಿಯ ಮೇಲೆ ಆಟ ನಿಂತಿತ್ತೋ ಆ ಮಿತಿಯೇ ಕುಸಿಯುತ್ತದೆ. ನಾವು ಆ ಮಂತ್ರವನ್ನು ನಮ್ಮೊಳಗೆ ನಿಷೇಧಿಸಿಕೊಂಡಿದ್ದೆವು. ದೊಡ್ಡ ನಕ್ಷೆಗಳಲ್ಲಿ ಗೆಲವು ಯಾರದೆಂದು ಗೊತ್ತಾದ ಮೇಲೂ ಬಹಳ ಹೊತ್ತು ಆಡಬೇಕಾಗುತ್ತಿತ್ತು.

ಇಂಥ ಕೃತಿಯ ಆಯುಸ್ಸಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಇದನ್ನು ಪ್ರಕಟಿಸಿದ ತ್ರೀ ಡಿ ಓ ಸಂಸ್ಥೆ 2003ರಲ್ಲಿ ದಿವಾಳಿಯಾಯಿತು. ರಚಿಸಿದ ಸಂಸ್ಥೆಯೂ ಅದರೊಡನೆ ಮುಳುಗಿತು. ಹಕ್ಕುಗಳನ್ನು ಫ್ರಾನ್ಸಿನ ಯೂಬಿಸಾಫ್ಟ್ ಕೊಂಡಿತು. 2015ರಲ್ಲಿ ಹಳೆಯ ಆಟವನ್ನು ಹೊಸ ಪರದೆಗಳಿಗೆ ಒಗ್ಗಿಸಿ ಹೊರತಂದಾಗ, 1999 ಮತ್ತು 2000ದಲ್ಲಿ ಬಂದಿದ್ದ ಎರಡು ವಿಸ್ತರಣಗಳು ಅದರಲ್ಲಿ ಸೇರಲಿಲ್ಲ. ಅವುಗಳ ಮೂಲಲಿಪಿ ಕಳೆದುಹೋಗಿತ್ತೆಂಬುದೇ ಕಾರಣ. ಹದಿನೈದು ವರ್ಷದ ಹಿಂದಿನ ಕೃತಿಯ ಮೂಲಪ್ರತಿ ಕಳೆದುಹೋಗುವುದೆಂದರೇನು! ಫ. ಗು. ಹಳಕಟ್ಟಿಯವರು ಊರೂರು ತಿರುಗಿ, ಅಟ್ಟಗಳ ಮೇಲೆ ಹುಳು ಹಿಡಿಯುತ್ತಿದ್ದ ತಾಳೆಗರಿಗಳನ್ನು ಕೂಡಿಸಿ, ವಚನಶಾಸ್ತ್ರಸಾರದ ಮೊದಲ ಭಾಗವನ್ನು 1923ರಲ್ಲಿ ಅಚ್ಚುಹಾಕಿಸಿದ್ದು ನಮ್ಮ ಬೆಳಗಾವಿಯಲ್ಲಿಯೇ. ವಚನಗಳೊಡನೆ ಆಟವೊಂದನ್ನು ಸಮದೂಗಿಸುವ ಔದ್ಧತ್ಯ ನನಗಿಲ್ಲ, ಆದರೆ ಸಂಸ್ಥೆಗಳು ಕೈಬಿಟ್ಟುದನ್ನು ಪ್ರೀತಿಸಿದವರು ಉಳಿಸುತ್ತಾರೆಂಬ ಮಾತು ಇಲ್ಲಿಯೂ ನಿಜವಾಯಿತು. 2007ರಲ್ಲಿ ಕೆಲವು ಅಭಿಮಾನಿಗಳು ಆಟದ ಯಂತ್ರಭಾಗವನ್ನೇ ಮೊದಲಿನಿಂದ ಮತ್ತೆ ಬರೆಯತೊಡಗಿದರು. ಪೂರ್ವ ಯೂರೋಪಿನ ಇನ್ನೊಂದು ಗುಂಪು 2011ರಲ್ಲಿ ‘ಹಾರ್ನ್ ಆಫ್ ದಿ ಅಬಿಸ್’ ಎಂಬ ಹೆಸರಿನಿಂದ ಕಡಲ್ಗಳ್ಳರ ಹೊಸ ಬಗೆಯ ಪಟ್ಟಣವೊಂದನ್ನು ಮೂಲಕ್ಕೆ ಒಪ್ಪುವಂತೆ ಕಟ್ಟಿ ಕೂಡಿಸಿ, ಇಂದಿಗೂ ಬೆಳೆಸುತ್ತಿದೆ. 2022ರಲ್ಲಿ ಪೋಲೆಂಡಿನ ಸಂಸ್ಥೆಯೊಂದು ಜನರಿಂದಲೇ ಹಣ ಕೂಡಿಸಿ ಈ ಆಟವನ್ನು ಹಾಸುಮಣೆಯ ಮೇಲೆ ಕಾಯಿಗಳಿಂದ ಆಡುವಂತೆ ಮಾಡಲು ಹೊರಟಿತು. ಮಣೆಯಿಂದ ಯಂತ್ರಕ್ಕೆ ಹೋದುದು ಮರಳಿ ಮಣೆಗೆ ಬಂದಿತು. ಆಡುವವರು ಮತ್ತೆ ಒಬ್ಬರ ಮುಖವನ್ನೊಬ್ಬರು ನೋಡುವಂತಾಯಿತು.

ಸ್ಮೃತಿಮೋಹದ ಸಂಶಯಕ್ಕೆ ನಾನು ಕೊಡಬಲ್ಲ ಉತ್ತರ ಒಂದೇ. ಅದು ತರ್ಕವಲ್ಲ, ಪ್ರಯೋಗ. ಹೋದ ದೀಪಾವಳಿಗೆ ಹಳೆಯ ನಾಲ್ವರಲ್ಲಿ ಮೂವರು ಊರಲ್ಲಿ ಕೂಡಿದ್ದೆವು. ಉರ್ದು ಮನೆಮಾತಿನ ಗೆಳೆಯ ಕೊಲ್ಲಿಯ ದೇಶದಲ್ಲಿದ್ದಾನೆ, ಬರಲಾಗಲಿಲ್ಲ. ಅವನ ಸ್ಥಾನದಲ್ಲಿ ನನ್ನ ತಂಗಿಯ ಹನ್ನೆರಡು ವರ್ಷದ ಮಗಳನ್ನು ಕೂಡಿಸಿಕೊಂಡೆವು. ಆಕೆಗೆ ಈ ಆಟದ ಮೇಲೆ ಯಾವ ನೆನಪಿನ ಋಣವೂ ಇಲ್ಲ. ಚಿತ್ರಗಳು ಹಳತಾಗಿ ಕಂಡುವೆಂದು ಮೊದಲೇ ಹೇಳಿಬಿಟ್ಟಳು. ತನ್ನ ಮೊದಲ ದಿನವನ್ನು ಎರಡು ನಿಮಿಷದಲ್ಲಿ ಮುಗಿಸಿ ಕುರ್ಚಿ ಬಿಟ್ಟೆದ್ದು, ‘ಈಗ ನಿಮ್ಮ ಪಾಳಿ ಮುಗಿಯೂ ತನಕ ನಾ ಏನ್ ಮಾಡ್ಲಿ ಮಾಮಾ?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಎರಡನೆಯ ವಾರದ ಹೊತ್ತಿಗೆ ಆಕೆ ಎಲ್ಲಿಂದಲೋ ಒಂದು ನೋಟುಬುಕ್ಕು ತಂದು, ತಾನು ಕಂಡ ದಾರಿಗಳನ್ನೂ ಗಣಿಗಳನ್ನೂ ಗುರುತು ಹಾಕಿಕೊಂಡು, ಗೋಡೆಗೆ ಮುಖ ಮಾಡಿ ಕುಳಿತು, ಮರಾಠಿ ಗೆಳೆಯನೊಡನೆ ಮೆಲುದನಿಯಲ್ಲಿ ಗಂಧಕದ ಗಣಿಯ ಚೌಕಾಸಿ ಮಾಡುತ್ತಿದ್ದಳು. ಮೊಬೈಲು ಪಕ್ಕದಲ್ಲಿ ಬೋರಲಾಗಿ ಬಿದ್ದಿತ್ತು.

ಆಟ ಮುಗಿಯಲಿಲ್ಲ. ಬಲಿಪಾಡ್ಯಮಿಯ ಮರುದಿನ ಮರಾಠಿ ಗೆಳೆಯ ಪುಣೆಗೆ ಹೊರಡಬೇಕಾಗಿತ್ತು. ಹೆದ್ದಾರಿಯ ಬದಿಯಲ್ಲಿ ಬಸ್ಸಿಗೆ ನಿಂತಾಗಲೂ ಉತ್ತರದ ಸೇತುವೆಯ ಮಾತನ್ನೇ ಆಡುತ್ತಿದ್ದನು. ಮೂರನೆಯ ತಿಂಗಳು, ಎರಡನೆಯ ವಾರ, ನಾಲ್ಕನೆಯ ದಿನವೆಂದು ಯಂತ್ರದಲ್ಲಿ ಆಟವನ್ನು ಉಳಿಸಿಟ್ಟಿದ್ದೇವೆ. ತಂಗಿಯ ಮಗಳು ಮೊನ್ನೆ ಫೋನು ಮಾಡಿ, ಯುಗಾದಿಗೆ ಪುಣೆಯ ಮಾಮಾ ಬರುತ್ತಾರೋ ಇಲ್ಲವೋ ಎಂದು ಕೇಳಿದಳು. ಪಾಳಿ ಅವನದು.